ಫ್ರೇಮ್‌ವರ್ಕಿನ ಯುಟಿಲಿಟಿ ಲೈಬ್ರರಿ: ಯಾರ ಅಪ್ಲಿಕೇಶನ್ನೂ ಮುರಿಯದಂತೆ ವೇಗಗೊಳಿಸುವುದು ಹೇಗೆ?

ಪ್ರಶ್ನೆ: ಪೈಥಾನ್‌ನಲ್ಲಿ ಬರೆದ ಒಂದು ವೆಬ್ ಫ್ರೇಮ್‌ವರ್ಕನ್ನು ನಮ್ಮ ತಂಡ ನೋಡಿಕೊಳ್ಳುತ್ತದೆ. ಅದರ ಒಳಗೆ 'ಯುಟಿಲ್ಸ್' ಎಂಬ ಪ್ಯಾಕೇಜ್ ಇದೆ. ಸ್ಟ್ರಿಂಗ್, ದಿನಾಂಕ, ಯುಆರ್‌ಎಲ್, ಎಚ್‌ಟಿಎಂಎಲ್ ಎಸ್ಕೇಪಿಂಗ್ (ವಿಶೇಷ ಚಿಹ್ನೆಗಳನ್ನು ನಿರಪಾಯ ಸಂಕೇತಗಳಾಗಿ ಬದಲಿಸುವುದು), ಕ್ಯಾಶಿಂಗ್ (ಒಮ್ಮೆ ಸಿಕ್ಕ ಉತ್ತರವನ್ನು ಮರುಬಳಕೆಗೆ ಇಟ್ಟುಕೊಳ್ಳುವುದು) ಎಲ್ಲ ಸೇರಿ ಸುಮಾರು 180 ಫಂಕ್ಷನ್‌ಗಳು. ಯಾವ ಕೋಡ್ ಎಷ್ಟು ಸಮಯ ತಿನ್ನುತ್ತದೆಂದು ಅಳೆಯುವ ಪ್ರೊಫೈಲರ್ ಹಾಕಿದರೆ ಪಟ್ಟಿಯ ಮೊದಲ ಸಾಲುಗಳಲ್ಲಿ ಇವೇ ಕಾಣುತ್ತವೆ. ಕಳೆದ ಬಾರಿ ಒಂದು ಫಂಕ್ಷನ್ ವೇಗಗೊಳಿಸಿದಾಗ ಮೂರು ಅಪ್ಲಿಕೇಶನ್‌ಗಳು ಕೆಟ್ಟು ನಿಂತವು. ಈಗ ಅದನ್ನು ಮುಟ್ಟಲು ಎಲ್ಲರಿಗೂ ಭಯ. ಎಲ್ಲಿಂದ ಶುರು ಮಾಡಬೇಕು?

ಉತ್ತರ: ನಿಮ್ಮ ಹೊಸ ಕೋಡ್ ತಪ್ಪಾಗಿತ್ತು ಎಂದು ನನಗನಿಸುವುದಿಲ್ಲ. ಹಳೆಯ ಫಂಕ್ಷನ್ ನಿಜವಾಗಿ ಏನೇನು ಮಾಡುತ್ತಿತ್ತು ಎಂಬುದು ಎಲ್ಲೂ ದಾಖಲಾಗಿರಲಿಲ್ಲ, ಆ ದಾಖಲಾಗದ ವರ್ತನೆಯನ್ನೇ ನಂಬಿಕೊಂಡು ಮೂರು ಅಪ್ಲಿಕೇಶನ್‌ಗಳು ನಡೆಯುತ್ತಿದ್ದವು. ಬಳಸುವವರು ಸಾಕಷ್ಟು ಮಂದಿ ಇದ್ದರೆ, ಹೊರಗೆ ಕಾಣುವ ಪ್ರತಿಯೊಂದು ವರ್ತನೆಯನ್ನೂ, ಡಾಕ್ಯುಮೆಂಟೇಶನ್‌ನಲ್ಲಿ ಬರೆದಿರಲಿ ಬಿಡಲಿ, ಯಾರೋ ಒಬ್ಬರು ನೆಚ್ಚಿಕೊಂಡಿರುತ್ತಾರೆ. ಪ್ರೋಗ್ರಾಮರುಗಳು ಇದನ್ನು ಹೈರಮ್‌ನ ನಿಯಮ ಎನ್ನುತ್ತಾರೆ.

ಇದಕ್ಕೆ ಸೊಗಸಾದ ಉದಾಹರಣೆ ಪೈಥಾನಿನ ಜನಪ್ರಿಯ ವೆಬ್ ಫ್ರೇಮ್‌ವರ್ಕ್ ಜ್ಯಾಂಗೊದಲ್ಲಿದೆ. 2019ರ ಡಿಸೆಂಬರಿನಲ್ಲಿ ಬಂದ 3.0 ಆವೃತ್ತಿಯಲ್ಲಿ ಅದರ ಎಸ್ಕೇಪ್ ಫಂಕ್ಷನ್ ತನ್ನದೇ ಕೋಡ್ ಬಿಟ್ಟು ಪೈಥಾನಿನ ಸ್ಟ್ಯಾಂಡರ್ಡ್ ಲೈಬ್ರರಿಯ ಎಸ್ಕೇಪನ್ನು ಕರೆಯತೊಡಗಿತು. ಸರಿಯಾದ ನಿರ್ಧಾರವೇ. ಆದರೆ ಒಂಟಿ ಉದ್ಧರಣ ಚಿಹ್ನೆ ಮೊದಲು ದಶಮಾಂಶ ಸಂಕೇತ 39 ಆಗಿ ಹೊರಬರುತ್ತಿದ್ದದ್ದು, ಆಮೇಲೆ ಹೆಕ್ಸಾಡೆಸಿಮಲ್ ಸಂಕೇತ 27 ಆಗಿ ಬಂತು. ಬ್ರೌಸರಿಗೆ ಎರಡೂ ಒಂದೇ. ಎಚ್‌ಟಿಎಂಎಲ್ ಔಟ್‌ಪುಟ್ಟನ್ನು ಅಕ್ಷರಕ್ಕೆ ಅಕ್ಷರ ಹೋಲಿಸುವ ಟೆಸ್ಟ್‌ಗಳಿಗೆ ಮಾತ್ರ ಬೇರೆ ಬೇರೆ. ಜ್ಯಾಂಗೊ ತಂಡ ಇಷ್ಟು ಸಣ್ಣ ವ್ಯತ್ಯಾಸವನ್ನೂ ರಿಲೀಸ್ ಟಿಪ್ಪಣಿಯಲ್ಲಿ ಸ್ಪಷ್ಟವಾಗಿ ಬರೆಯಿತು. ನೀವೂ ಹಾಗೆಯೇ ಮಾಡಬೇಕು: ಔಟ್‌ಪುಟ್‌ನಲ್ಲಿ ಒಂದೇ ಒಂದು ಬೈಟ್ ಬದಲಾದರೂ ಅದು 'ಹಿಂದಿನದಕ್ಕೆ ಹೊಂದದ ಬದಲಾವಣೆ' ಎಂಬ ಶೀರ್ಷಿಕೆಯಡಿ ಹೋಗಲಿ.

ಹಾಗಾಗಿ ವೇಗದ ಮಾತು ಆಮೇಲೆ. ಮೊದಲು ಲೆಕ್ಕ ಹಿಡಿಯಿರಿ.

180 ಫಂಕ್ಷನ್‌ಗಳನ್ನು ಜರಡಿ ಹಿಡಿಯುವುದು

ಪ್ರತಿ ಫಂಕ್ಷನ್ ಎದುರು ಮೂರು ಸಂಗತಿ ಬರೆದುಕೊಳ್ಳಿ: ಫ್ರೇಮ್‌ವರ್ಕಿನೊಳಗೆ ಎಷ್ಟು ಕಡೆ ಕರೆಯಲಾಗುತ್ತದೆ, ನಿಮ್ಮ ಕೈಗೆ ಸಿಗುವ ಅಪ್ಲಿಕೇಶನ್‌ಗಳಲ್ಲಿ ಎಷ್ಟು ಕಡೆ, ಮತ್ತು ಅದೇ ಕೆಲಸ ಮಾಡುವುದು ಸ್ಟ್ಯಾಂಡರ್ಡ್ ಲೈಬ್ರರಿಯಲ್ಲಿ ಈಗ ಇದೆಯೇ. ಬರೀ ಹೆಸರು ಹುಡುಕಿದರೆ ಸಾಲದು, ಒಂದೇ ಹೆಸರಿನ ಬೇರೆ ಫಂಕ್ಷನ್‌ಗಳೂ ಬಲೆಗೆ ಬೀಳುತ್ತವೆ. ಕೋಡಿನ ರಚನೆಯನ್ನು ಮರದಂತೆ ಬಿಡಿಸಿ ಕೊಡುವ ಪೈಥಾನಿನ ಎಎಸ್‌ಟಿ ಮಾಡ್ಯೂಲ್ ಬಳಸಿ ಇಂಪೋರ್ಟ್‌ಗಳನ್ನು ಓದುವ ಮೂವತ್ತು ಸಾಲಿನ ಸ್ಕ್ರಿಪ್ಟ್ ಬರೆಯಿರಿ. ಟೆಂಪ್ಲೇಟ್‌ಗಳಲ್ಲಿ ಮತ್ತು ಸೆಟ್ಟಿಂಗ್ಸ್ ಕಡತದಲ್ಲಿ ಸ್ಟ್ರಿಂಗ್ ರೂಪದಲ್ಲಿ ಬರೆದ ಹೆಸರುಗಳು ಇದಕ್ಕೆ ಕಾಣುವುದಿಲ್ಲ. ಅವನ್ನು ಬೇರೆಯಾಗಿ ಹುಡುಕಬೇಕು.

ಪಟ್ಟಿ ಕೈಯಲ್ಲಿದ್ದರೆ ಫಂಕ್ಷನ್‌ಗಳು ತಾವೇ ಬೇರ್ಪಡುತ್ತವೆ. ಒಂದೇ ಕಡೆ ಬಳಕೆಯಾಗುವುದನ್ನು ಆ ಕಡೆಗೇ ಸಾಗಿಸಿ, ಅದು ಯುಟಿಲಿಟಿಯೇ ಅಲ್ಲ. ಹಳೆಯ ಪೈಥಾನ್ ಆವೃತ್ತಿಗಾಗಿ ಬರೆದ ಹೊಂದಾಣಿಕೆಯ ಪದರಗಳನ್ನು ಆ ಆವೃತ್ತಿಯ ಬೆಂಬಲ ನಿಲ್ಲಿಸಿದ ದಿನವೇ ತೆಗೆಯುವ ಕೆಲಸ ಶುರುವಾಗಲಿ. ಪೈಥಾನ್ 2 ಮತ್ತು 3ನ್ನು ಒಟ್ಟಿಗೆ ನಡೆಸಲು ಜ್ಯಾಂಗೊ ತನ್ನೊಳಗೆ ಇಟ್ಟುಕೊಂಡಿದ್ದ 'ಸಿಕ್ಸ್' ಮಾಡ್ಯೂಲ್ 3.0ರಲ್ಲಿ ಹೋಯಿತು.

ಭಾಷೆಯೇ ನುಂಗಿಕೊಂಡ ಫಂಕ್ಷನ್‌ಗಳ ವಿಚಾರದಲ್ಲಿ ಮಾತ್ರ ಅವಸರ ಬೇಡ. ಪೈಥಾನ್ 3.8ರಲ್ಲಿ, ಒಮ್ಮೆ ಲೆಕ್ಕ ಹಾಕಿದ ಮೌಲ್ಯವನ್ನು ಆಬ್ಜೆಕ್ಟಿನಲ್ಲೇ ಉಳಿಸಿಕೊಳ್ಳುವ ಕ್ಯಾಶ್ಡ್ ಪ್ರಾಪರ್ಟಿ ಬಂತು. 3.9ರಲ್ಲಿ ಸ್ಟ್ರಿಂಗ್‌ನ ಮುಂಪದ ತೆಗೆಯುವ ರಿಮೂವ್‌ಪ್ರಿಫಿಕ್ಸ್ ಮತ್ತು ಕಾಲವಲಯಗಳ ಝೋನ್‌ಇನ್ಫೋ, 3.12ರಲ್ಲಿ ಪಟ್ಟಿಯನ್ನು ತುಂಡು ತುಂಡಾಗಿ ಕೊಡುವ ಬ್ಯಾಚ್ಡ್ ಬಂದವು. ಹೆಸರು ಒಂದೇ ಆದ ಮಾತ್ರಕ್ಕೆ ವರ್ತನೆ ಒಂದೇ ಆಗಿರಬೇಕೆಂದಿಲ್ಲ. ಕ್ಯಾಶ್ಡ್ ಪ್ರಾಪರ್ಟಿಯನ್ನೇ ನೋಡಿ: 3.8ರಿಂದ 3.11ರವರೆಗೆ ಅದರೊಳಗೆ ಒಂದು ಲಾಕ್ ಇತ್ತು, ಆ ಲಾಕ್ ಇಡೀ ಕ್ಲಾಸಿಗೆ ಒಂದೇ ಆದ್ದರಿಂದ ಬೇರೆ ಬೇರೆ ಆಬ್ಜೆಕ್ಟ್‌ಗಳೂ ಒಂದಕ್ಕೊಂದು ಕಾಯಬೇಕಾಗಿತ್ತು. 3.12ರಲ್ಲಿ ಲಾಕ್ ತೆಗೆದರು, ಈಗ ಎರಡು ಥ್ರೆಡ್‌ಗಳು ಒಂದೇ ಲೆಕ್ಕವನ್ನು ಎರಡು ಸಲ ಮಾಡಬಹುದು. ನಿಮ್ಮ ಹಳೆಯ ಫಂಕ್ಷನ್ ಯಾವ ಭರವಸೆ ಕೊಟ್ಟಿತ್ತು ಎಂದು ನೋಡದೆ ಬದಲಿಸಿದರೆ ದೋಷ ಹುಡುಕುವುದಕ್ಕೇ ವಾರಗಳು ಹೋಗುತ್ತವೆ.

ರೂಬಿ ಕಡೆಯಲ್ಲೂ ಇದೇ ಪಾಠ. ರೂಬಿಯ ವೆಬ್ ಫ್ರೇಮ್‌ವರ್ಕ್ ರೈಲ್ಸ್‌ನ ಯುಟಿಲಿಟಿ ಲೈಬ್ರರಿಯಾದ ಆಕ್ಟಿವ್ ಸಪೋರ್ಟ್ ಮೊದಲಿನಿಂದ ಕೊಡುತ್ತಿದ್ದ 'ಸಮ್' ಮೆಥಡ್ ಸ್ಟ್ರಿಂಗ್‌ಗಳ ಪಟ್ಟಿಯನ್ನೂ ಕೂಡಿಸಿ ಜೋಡಿಸುತ್ತಿತ್ತು. ರೂಬಿ 2.4ರಲ್ಲಿ ಭಾಷೆಯದೇ ಆದ ಸಮ್ ಬಂತು. ಅದು ಸೊನ್ನೆಯಿಂದ ಕೂಡಿಸಲು ಶುರು ಮಾಡುವುದರಿಂದ ಆರಂಭಿಕ ಮೌಲ್ಯ ಕೊಡದಿದ್ದರೆ ಸ್ಟ್ರಿಂಗ್‌ಗಳಿಗೆ ನಡೆಯುವುದಿಲ್ಲ. ಈ ಒಂದು ವ್ಯತ್ಯಾಸ ಬಗೆಹರಿಸಲು ಆಕ್ಟಿವ್ ಸಪೋರ್ಟ್ ಹಲವು ರಿಲೀಸ್‌ಗಳ ಕಾಲ ಹಳೆಯ ವರ್ತನೆಯನ್ನು ಹೊತ್ತು, 7.0ರಲ್ಲಿ ಎಚ್ಚರಿಕೆ ಕೊಡಲು ತೊಡಗಿತು.

ಹಳೆಯ ವರ್ತನೆಗೆ ಸಾಕ್ಷಿ

ಮುಟ್ಟಬೇಕೆಂದಿರುವ ಫಂಕ್ಷನ್‌ಗೆ ಮೊದಲು ಟೆಸ್ಟ್ ಬರೆಯಿರಿ. ಅದು ಏನು ಮಾಡಬೇಕಿತ್ತು ಎಂಬುದಕ್ಕಲ್ಲ, ಈಗ ಏನು ಮಾಡುತ್ತಿದೆ ಎಂಬುದಕ್ಕೆ. ಖಾಲಿ ಸ್ಟ್ರಿಂಗ್, ನನ್ (None), ಸೊನ್ನೆ, ಫಾಲ್ಸ್, ಬೈಟ್ಸ್, ಬರೀ ಖಾಲಿ ಜಾಗಗಳ ಸ್ಟ್ರಿಂಗ್, ಹತ್ತು ಲಕ್ಷ ಅಕ್ಷರಗಳ ಸ್ಟ್ರಿಂಗ್, ಸ್ಟ್ರಿಂಗ್‌ನ ಉಪಕ್ಲಾಸ್: ಇಷ್ಟನ್ನೂ ಕೊಟ್ಟು ಬಂದ ಉತ್ತರವನ್ನೋ ಎಕ್ಸೆಪ್ಶನನ್ನೋ ಹಾಗೇ ದಾಖಲಿಸಿ. ಉತ್ತರ ವಿಚಿತ್ರವಾಗಿದ್ದರೂ ಈಗಲೇ ತಿದ್ದಬೇಡಿ. ತಿದ್ದುವುದು ಬೇರೆ ಕಮಿಟ್, ವೇಗಗೊಳಿಸುವುದು ಬೇರೆ ಕಮಿಟ್. ಎರಡನ್ನೂ ಬೆರೆಸಿದರೆ ಮುರಿದದ್ದು ಯಾವುದರಿಂದ ಎಂದು ಹೇಳಲು ಬರುವುದಿಲ್ಲ.

ಆಮೇಲೆ ಹಳೆಯ ಕೋಡನ್ನು ಟೆಸ್ಟ್ ಫೋಲ್ಡರಿಗೆ ನಕಲು ಮಾಡಿ ಇಟ್ಟುಕೊಳ್ಳಿ. ಹೈಪಾಥಿಸಿಸ್ ಲೈಬ್ರರಿಯಿಂದ ಸಾವಿರಾರು ಯಾದೃಚ್ಛಿಕ ಇನ್‌ಪುಟ್ ಹುಟ್ಟಿಸಿ, ಹಳೆಯ ಮತ್ತು ಹೊಸ ಫಂಕ್ಷನ್ ಎರಡೂ ಒಂದೇ ಉತ್ತರ, ಒಂದೇ ಟೈಪ್ ಕೊಡುತ್ತವೆಯೇ ಎಂದು ಹೋಲಿಸಿ. ಟೈಪ್ ಹೋಲಿಸುವುದನ್ನು ಬಿಡಬೇಡಿ. 'ಇದು ಸುರಕ್ಷಿತ ಎಚ್‌ಟಿಎಂಎಲ್' ಎಂದು ಗುರುತು ಹಾಕಿದ ಸ್ಟ್ರಿಂಗ್ ಉಪಕ್ಲಾಸ್ ಹೆಚ್ಚಿನ ಫ್ರೇಮ್‌ವರ್ಕ್‌ಗಳಲ್ಲಿ ಇರುತ್ತದೆ. ನಡುವೆ ಎಲ್ಲೋ ಆ ಗುರುತು ಕಳೆದುಹೋದರೆ ಪುಟದಲ್ಲಿ ಎರಡು ಸಲ ಎಸ್ಕೇಪ್ ಆದ ಕಸ ಕಾಣುತ್ತದೆ. ಅಷ್ಟೇ ಆದರೆ ಪುಣ್ಯ. ಎಸ್ಕೇಪ್ ಆಗದ ಸ್ಟ್ರಿಂಗ್‌ಗೆ ಆ ಗುರುತು ಅಂಟಿಕೊಂಡರೆ ಮಾತ್ರ ಅದು ನೇರವಾಗಿ ಕ್ರಾಸ್ ಸೈಟ್ ಸ್ಕ್ರಿಪ್ಟಿಂಗ್ ರಂಧ್ರ, ಅಂದರೆ ಬೇರೆಯವರ ಸ್ಕ್ರಿಪ್ಟ್ ನಿಮ್ಮ ಪುಟದಲ್ಲಿ ಓಡಲು ದಾರಿ.

ನಮ್ಮ ಲಿಪಿಗಳ ಬಗ್ಗೆ ಒಂದು ಮಾತು ಇಲ್ಲಿ ಹೇಳಲೇಬೇಕು, ಏಕೆಂದರೆ ಯುಟಿಲಿಟಿ ಲೈಬ್ರರಿಗಳು ಸದ್ದಿಲ್ಲದೆ ತಪ್ಪು ಮಾಡುವ ಜಾಗ ಇದು. ಶೀರ್ಷಿಕೆಯಿಂದ ಯುಆರ್‌ಎಲ್ ತುಣುಕು ಮಾಡುವ ಸ್ಲಗಿಫೈ ಫಂಕ್ಷನ್‌ಗಳು ಸಾಮಾನ್ಯವಾಗಿ ಪಠ್ಯದಲ್ಲಿ ಮಾದರಿ ಹುಡುಕುವ ರೆಗ್ಯುಲರ್ ಎಕ್ಸ್‌ಪ್ರೆಶನ್‌ನ (ಚಿಕ್ಕದಾಗಿ ರೆಜೆಕ್ಸ್) 'ಪದದ ಅಕ್ಷರ' ವರ್ಗವನ್ನು ನಂಬುತ್ತವೆ. ಪೈಥಾನಿನ ಸ್ಟ್ಯಾಂಡರ್ಡ್ ರೆಜೆಕ್ಸ್ ಮಾಡ್ಯೂಲ್‌ನಲ್ಲಿ ಆ ವರ್ಗಕ್ಕೆ ಸೇರುವುದು ಅಕ್ಷರಗಳು, ಅಂಕಿಗಳು, ಅಂಡರ್‌ಸ್ಕೋರ್ ಮಾತ್ರ. ಗುಣಿತದ ಚಿಹ್ನೆಗಳೂ, ವ್ಯಂಜನದ ಸ್ವರ ತೆಗೆಯುವ 'ವಿರಾಮ' ಚಿಹ್ನೆಯೂ (್) ಸೇರುವುದಿಲ್ಲ. ಪರಿಣಾಮವಾಗಿ 'ಕನ್ನಡ' ಎಂಬುದು 'ಕನನಡ' ಆಗಿ ಹೊರಬರುತ್ತದೆ. ಯುನಿಕೋಡ್ ವರ್ಗದ ಪ್ರಕಾರ 'ಮಾರ್ಕ್' ಗುಂಪಿಗೆ ಸೇರಿದ ಚಿಹ್ನೆಗಳನ್ನೂ ಉಳಿಸಿಕೊಳ್ಳುವಂತೆ ಯುನಿಕೋಡ್‌ಡೇಟಾ ಮಾಡ್ಯೂಲ್ ಬಳಸಿ ಬರೆಯುವುದು ಪರಿಹಾರ. ಅದಕ್ಕೂ ಮೊದಲು ಎನ್‌ಎಫ್‌ಸಿ ರೂಪಕ್ಕೆ (ಬಿಡಿ ಚಿಹ್ನೆಗಳನ್ನು ಜೋಡಿಸಿದ ಯುನಿಕೋಡ್ ರೂಪ) ತನ್ನಿ. 'ಕೊ' ಎಂಬುದನ್ನು ಎರಡು ಕೋಡ್‌ಪಾಯಿಂಟ್‌ಗಳಲ್ಲೂ (ಯುನಿಕೋಡ್ ಸಂಖ್ಯೆಗಳು) ಬರೆಯಬಹುದು, ಎತ್ವದ ಚಿಹ್ನೆ ಮತ್ತು ಊತ್ವದ ಚಿಹ್ನೆಯನ್ನು ಬಿಡಿಯಾಗಿ ಇಟ್ಟು ಮೂರರಲ್ಲೂ ಬರೆಯಬಹುದು. ಕಣ್ಣಿಗೆ ಒಂದೇ, ಡೇಟಾಬೇಸಿಗೆ ಎರಡು.

ಸ್ಟ್ರಿಂಗನ್ನು ಕತ್ತರಿಸಿ ಚುಕ್ಕಿ ಹಾಕುವ ಫಂಕ್ಷನ್‌ಗಳದೂ ಇದೇ ಕತೆ. 'ಕ್ಷ' ಮೂರು ಕೋಡ್‌ಪಾಯಿಂಟ್‌ಗಳಿಂದಾಗಿದೆ. ಎರಡರ ನಂತರ ಕತ್ತರಿ ಬಿದ್ದರೆ 'ಕ್' ಉಳಿಯುತ್ತದೆ. ಹೊರಗಿನ 'ರೆಜೆಕ್ಸ್' ಪ್ಯಾಕೇಜ್ ಯುನಿಕೋಡ್ ನಿಯಮದಂತೆ ಅಕ್ಷರ ಘಟಕಗಳನ್ನು ಗುರುತಿಸಬಲ್ಲದು, ಆದರೆ ಒಂದು ಫಂಕ್ಷನ್‌ಗಾಗಿ ತಿರುಳಿಗೆ ಹೊಸ ಅವಲಂಬನೆ ಸೇರಿಸುವ ಮುನ್ನ ಯೋಚಿಸಿ. ಕತ್ತರಿಸುವ ಜಾಗದಿಂದ ಹಿಂದಕ್ಕೆ ಸರಿದು, ಮಾರ್ಕ್ ಗುಂಪಿನ ಚಿಹ್ನೆಯ ಪಕ್ಕದಲ್ಲಿ ಕತ್ತರಿಸದಿರುವ ಸರಳ ನಿಯಮ ಹಲವು ಕಡೆ ಸಾಕಾಗುತ್ತದೆ.

ಅಳೆಯುವಾಗ ಮೋಸ ಹೋಗಬೇಡಿ

ನಿಮ್ಮ ಪ್ರೊಫೈಲರ್ ಪಟ್ಟಿಯ ಮೇಲ್ತುದಿಯಲ್ಲಿ ಯುಟಿಲ್ಸ್ ಕಂಡದ್ದನ್ನು ಪೂರ್ತಿ ನಂಬಬೇಡಿ. ಸಿಪ್ರೊಫೈಲ್‌ನಂಥ ಪ್ರೊಫೈಲರ್ ಪ್ರತಿ ಕರೆಗೂ ತನ್ನದೊಂದಿಷ್ಟು ಸಮಯ ಸೇರಿಸುತ್ತದೆ. ಅರ್ಧ ಮೈಕ್ರೋಸೆಕೆಂಡಿನ ಫಂಕ್ಷನನ್ನು ಐದು ಸಾವಿರ ಸಲ ಕರೆದರೆ ಆ ಹೆಚ್ಚುವರಿ ಸಮಯವೇ ನಿಜವಾದ ಸಮಯವನ್ನು ಮೀರಬಹುದು. ಸಣ್ಣದಾಗಿದ್ದು ಪದೇಪದೇ ಕರೆಯಲ್ಪಡುವುದು ಯುಟಿಲಿಟಿ ಫಂಕ್ಷನ್‌ಗಳ ಜಾಯಮಾನ, ಆದ್ದರಿಂದ ಅವು ಇರುವುದಕ್ಕಿಂತ ದೊಡ್ಡದಾಗಿ ಕಾಣುತ್ತವೆ. ಪೈ-ಸ್ಪೈಯಂಥ ಸ್ಯಾಂಪ್ಲಿಂಗ್ ಪ್ರೊಫೈಲರನ್ನು ಓಡುತ್ತಿರುವ ಪ್ರೋಸೆಸ್‌ಗೆ ಹಚ್ಚಿ ನೋಡಿ. ಕೋಡ್ ಬದಲಿಸಬೇಕಿಲ್ಲ, ಚಿತ್ರವೂ ಸತ್ಯಕ್ಕೆ ಹತ್ತಿರ.

ಬಳಿಕ ಗಣಿತ ಮಾಡಿ. ಒಂದು ರಿಕ್ವೆಸ್ಟ್ 80 ಮಿಲಿಸೆಕೆಂಡ್ ತೆಗೆದುಕೊಂಡು, ಎಸ್ಕೇಪಿಂಗ್ ಅದರಲ್ಲಿ 2.4 ಮಿಲಿಸೆಕೆಂಡ್ ಎಂದಿಟ್ಟುಕೊಳ್ಳಿ. ಆ ಫಂಕ್ಷನ್ ಎರಡು ಪಟ್ಟು ವೇಗವಾದರೆ ಉಳಿಯುವುದು 1.2 ಮಿಲಿಸೆಕೆಂಡ್, ಅಂದರೆ ಶೇಕಡ 1.5. ಅಷ್ಟಕ್ಕಾಗಿ ಓದಲಾಗದ ಕೋಡ್ ಬರೆಯುವುದು ಬೇಕೇ? ಒಂದೇ ಅಪ್ಲಿಕೇಶನ್ ಆದರೆ ಬೇಡ ಎನ್ನುತ್ತೇನೆ. ಸಾವಿರ ಅಪ್ಲಿಕೇಶನ್‌ಗಳು ಬಳಸುವ ಫ್ರೇಮ್‌ವರ್ಕ್ ಆದರೆ ಯೋಚಿಸಬಹುದು.

ಬಿಡಿ ಫಂಕ್ಷನ್ ಅಳೆಯುವಾಗ ಪೈಥಾನಿನ ಸಮಯ ಅಳೆಯುವ ಮಾಡ್ಯೂಲ್ ಟೈಮಿಟ್ ತಾನಾಗಿಯೇ ಗಾರ್ಬೇಜ್ ಕಲೆಕ್ಷನ್ (ಬೇಡವಾದ ಆಬ್ಜೆಕ್ಟ್‌ಗಳ ಮೆಮೊರಿ ಬಿಡಿಸುವ ಕೆಲಸ) ನಿಲ್ಲಿಸುತ್ತದೆ ಎಂಬುದು ನೆನಪಿರಲಿ. ತುಂಬಾ ಆಬ್ಜೆಕ್ಟ್ ಹುಟ್ಟಿಸುವ ಕೋಡ್ ಅಲ್ಲಿ ಅನ್ಯಾಯವಾಗಿ ಚೆನ್ನಾಗಿ ಕಾಣುತ್ತದೆ. ಹಲವು ಸಲ ಓಡಿಸಿ ಸರಾಸರಿ ತೆಗೆಯುವ ಬದಲು ಕನಿಷ್ಠ ಸಮಯ ನೋಡಿ. ಮೇಲೆ ಹೋಗುವ ಅಂಕಿಗಳು ಬಹುಪಾಲು ಯಂತ್ರದ ಬೇರೆ ಕೆಲಸದಿಂದ ಬಂದವು. ಪ್ರತಿ ಪುಲ್ ರಿಕ್ವೆಸ್ಟ್‌ಗೂ ಸಿಐಯಲ್ಲಿ (ಪ್ರತಿ ಬದಲಾವಣೆಗೂ ಟೆಸ್ಟ್ ತಾನೇ ಓಡಿಸುವ ವ್ಯವಸ್ಥೆ) ಬೆಂಚ್‌ಮಾರ್ಕ್ ಬೇಕೆಂದರೆ ಗಡಿಯಾರದ ಸಮಯ ನಂಬಲು ಬಾರದು, ಹಂಚಿಕೊಂಡ ಯಂತ್ರಗಳಲ್ಲಿ ಅದು ದಿನಕ್ಕೊಂದು ರೀತಿ. ಕ್ಯಾಶ್‌ಗ್ರೈಂಡ್ ಬಳಸಿ ಎಷ್ಟು ಸಿಪಿಯು ಸೂಚನೆಗಳು ಓಡಿದವು ಎಂದು ಎಣಿಸಿ. ಎಸ್‌ಕ್ಯೂಲೈಟ್ ತಂಡ ಸಣ್ಣ ಸಣ್ಣ ಸುಧಾರಣೆಗಳನ್ನು ಅಳೆಯುವುದು ಹೀಗೆಯೇ.

ಬೆಂಚ್‌ಮಾರ್ಕಿನ ಇನ್‌ಪುಟ್ ನಿಜವಾದ ಬಳಕೆಯನ್ನು ಹೋಲಬೇಕು. ಬರೀ ಇಂಗ್ಲಿಷ್ ಅಕ್ಷರಗಳಿಂದ ಅಳೆದರೆ ಅರ್ಧ ಸತ್ಯ ಮಾತ್ರ ಸಿಗುತ್ತದೆ. ಪೈಥಾನ್ 3.3ರಿಂದ ಸ್ಟ್ರಿಂಗ್‌ಗಳನ್ನು ಅಕ್ಷರಕ್ಕೆ 1, 2 ಅಥವಾ 4 ಬೈಟ್‌ಗಳಲ್ಲಿ ಇಡಲಾಗುತ್ತದೆ. ಕನ್ನಡ ಪಠ್ಯಕ್ಕೆ 2 ಬೈಟ್. ಅದರ ನಡುವೆ ಒಂದು ಇಮೋಜಿ ಬಂದರೆ ಇಡೀ ಸ್ಟ್ರಿಂಗ್ ಅಕ್ಷರಕ್ಕೆ 4 ಬೈಟ್ ಆಗುತ್ತದೆ.

ಎಲ್ಲಿ ನಿಜವಾಗಿ ಲಾಭ ಸಿಗುತ್ತದೆ

ಫಂಕ್ಷನನ್ನು ವೇಗಗೊಳಿಸುವುದಕ್ಕಿಂತ ಅದನ್ನು ಕಡಿಮೆ ಸಲ ಕರೆಯುವುದು ದೊಡ್ಡ ಲಾಭ. ಕರೆಯುವವರನ್ನು ಹಿಂಬಾಲಿಸಿ ನೋಡಿ: ಲೂಪಿನೊಳಗೆ ಪ್ರತಿ ಸುತ್ತಿಗೂ ಅದೇ ಕಾಲವಲಯ ಹುಡುಕುವುದು, ಒಂದು ರಿಕ್ವೆಸ್ಟ್‌ನಲ್ಲಿ ಅದೇ ಹೆಡರನ್ನು ಆರು ಸಲ ಬಿಡಿಸುವುದು ಸಿಕ್ಕೇ ಸಿಗುತ್ತದೆ.

ಎರಡನೆಯದು ಒಳದಾರಿ. ಎಸ್ಕೇಪ್ ಮಾಡಲು ಬರುವ ಸ್ಟ್ರಿಂಗ್‌ಗಳಲ್ಲಿ ಹೆಚ್ಚಿನವುಗಳಲ್ಲಿ ಎಸ್ಕೇಪ್ ಮಾಡಬೇಕಾದ ಅಕ್ಷರವೇ ಇರುವುದಿಲ್ಲ. ಸ್ಲಗಿಫೈಗೆ ಬರುವುದು ಆಗಲೇ ಸ್ಲಗ್ ಆಗಿರಬಹುದು. ಮೊದಲು ಅದನ್ನು ಪರೀಕ್ಷಿಸಿ ಹಾಗೇ ಹಿಂತಿರುಗಿಸಿದರೆ ಉಳಿದ ಕೆಲಸವೆಲ್ಲ ತಪ್ಪುತ್ತದೆ. ಟೈಪ್ ಪರೀಕ್ಷೆಗಳಿದ್ದರೆ ಹೆಚ್ಚಾಗಿ ಬರುವ ಟೈಪನ್ನು ಮೊದಲ ಸಾಲಿಗೆ ತನ್ನಿ. ಒಳದಾರಿಯ ಪರೀಕ್ಷೆಯೇ ದುಬಾರಿಯಾದರೆ ಉಪಯೋಗವಿಲ್ಲ. ಅಳೆದು ನೋಡಿಯೇ ಉಳಿಸಿಕೊಳ್ಳಿ.

ಎಸ್ಕೇಪಿಂಗ್‌ಗೆ ಐದು ಸಲ ರಿಪ್ಲೇಸ್ ಕರೆಯುವುದು ಒರಟಾಗಿ ಕಾಣುತ್ತದೆ, ಟ್ರಾನ್ಸ್‌ಲೇಟ್ ಬಳಸಿ ಒಂದೇ ಸುತ್ತಿನಲ್ಲಿ ಮುಗಿಸೋಣ ಎನಿಸುತ್ತದೆ. ಆದರೆ ರಿಪ್ಲೇಸ್ ಸಿ ಭಾಷೆಯಲ್ಲಿ ಬರೆದ ಬಿಗಿಯಾದ ಲೂಪ್. ಪೈಥಾನಿನ ಸ್ಟ್ಯಾಂಡರ್ಡ್ ಎಸ್ಕೇಪ್ ಕೂಡ ರಿಪ್ಲೇಸ್‌ಗಳ ಸರಣಿಯೇ. ಅದರಲ್ಲಿ ಆಂಪರ್ಸಾಂಡ್ ಚಿಹ್ನೆಯನ್ನು ಮೊದಲು ಬದಲಿಸಬೇಕು. ಕೊನೆಗೆ ಇಟ್ಟರೆ ಉಳಿದವು ಹುಟ್ಟಿಸಿದ ಆಂಪರ್ಸಾಂಡ್‌ಗಳೂ ಮತ್ತೆ ಎಸ್ಕೇಪ್ ಆಗಿಬಿಡುತ್ತವೆ. ಸರಣಿಯ ಕ್ರಮವನ್ನು 'ಅಂದ'ಕ್ಕಾಗಿ ಬದಲಿಸುವ ಪುಲ್ ರಿಕ್ವೆಸ್ಟ್ ಬಂದರೆ ಟೆಸ್ಟ್ ಅದನ್ನು ಹಿಡಿಯಲಿ.

ರೆಜೆಕ್ಸ್‌ಗಳನ್ನು ಮಾಡ್ಯೂಲ್ ಮಟ್ಟದಲ್ಲೇ ಕಂಪೈಲ್ ಮಾಡಿಟ್ಟರೆ ಪ್ರತಿ ಕರೆಯಲ್ಲಿ ಕ್ಯಾಶ್ ಹುಡುಕುವುದು ತಪ್ಪುತ್ತದೆ. ಇನ್ನೂರು ರೆಜೆಕ್ಸ್‌ಗಳಿದ್ದರೆ ಅವೆಲ್ಲ ಇಂಪೋರ್ಟ್ ಹೊತ್ತಿನಲ್ಲೇ ಕಂಪೈಲ್ ಆಗಿ ಪ್ರೋಗ್ರಾಂ ಏಳುವುದು ನಿಧಾನವಾಗುತ್ತದೆ. ಜ್ಯಾಂಗೊ ಇದಕ್ಕಾಗಿ ಮೊದಲ ಬಳಕೆಯಲ್ಲಿ ಮಾತ್ರ ಕಂಪೈಲ್ ಮಾಡುವ ಒಂದು ಒಳಗಿನ ಸಹಾಯಕ ಇಟ್ಟುಕೊಂಡಿದೆ. ನೀವೂ ಹಾಗೆ ಮಾಡಬಹುದು.

ಹಿಂದೆ ಯಾರೋ ಮಾಡಿದ ಸೂಕ್ಷ್ಮ ಚಮತ್ಕಾರಗಳನ್ನೂ ಮತ್ತೆ ಅಳೆಯಿರಿ. ಪೈಥಾನ್ 3.11ರಲ್ಲಿ ಇಂಟರ್‌ಪ್ರಿಟರ್ ತಾನೇ ಓಡುವ ಕೋಡಿಗೆ ಹೊಂದಿಕೊಳ್ಳಲು ಕಲಿತಿತು, ಎಕ್ಸೆಪ್ಶನ್ ಬರದಿದ್ದರೆ ಟ್ರೈ ಬ್ಲಾಕ್‌ಗೆ ಬಹುತೇಕ ಖರ್ಚಿಲ್ಲ ಎಂಬಂತಾಯಿತು. ಗ್ಲೋಬಲ್ ಹೆಸರನ್ನು ಲೋಕಲ್ ವೇರಿಯೇಬಲ್‌ಗೆ ನಕಲು ಮಾಡುವಂಥ ಹಳೆಯ ತಂತ್ರಗಳಲ್ಲಿ ಎಷ್ಟೋ ಈಗ ಕೋಡನ್ನು ಕುರೂಪ ಮಾಡುವುದಷ್ಟೇ. ಲಾಭವಿಲ್ಲವೆಂದು ಕಂಡರೆ ತೆಗೆದುಹಾಕಿ.

ಸಿ ಎಕ್ಸ್‌ಟೆನ್ಶನ್ ಕೊನೆಯ ಆಯ್ಕೆ. ಮಾರ್ಕಪ್‌ಸೇಫ್ ಪ್ಯಾಕೇಜ್ ಎಸ್ಕೇಪಿಂಗ್‌ಗೆ ಸಿ ಕೋಡ್ ಇಟ್ಟುಕೊಂಡಿದೆ, ಅದು ಸಿಗದ ಕಡೆ ಶುದ್ಧ ಪೈಥಾನ್ ಕೋಡ್ ಓಡುತ್ತದೆ. ಅದೇ ಮಾದರಿ ಅನುಸರಿಸುವುದಾದರೆ ಎರಡೂ ರೂಪಗಳ ಮೇಲೆ ಅವೇ ಟೆಸ್ಟ್‌ಗಳು ಓಡಬೇಕು, ಪ್ರತಿ ಪೈಥಾನ್ ಆವೃತ್ತಿಗೂ ಪ್ರತಿ ಆಪರೇಟಿಂಗ್ ಸಿಸ್ಟಂಗೂ ವೀಲ್ (ಆಗಲೇ ಕಂಪೈಲ್ ಮಾಡಿದ ಪ್ಯಾಕೇಜ್) ಕಟ್ಟಿ ಕೊಡಬೇಕು. ಸಣ್ಣ ತಂಡಕ್ಕೆ ಇದು ಭಾರ.

ಕ್ಯಾಶ್: ಸುಲಭದ ಮದ್ದು, ಕಠಿಣ ಅಡ್ಡಪರಿಣಾಮ

ಒಂದು ಸಾಲಿನ ಡೆಕೊರೇಟರ್ ಹಾಕಿದರೆ ಮುಗಿಯಿತು ಎನ್ನಿಸುವುದರಿಂದ ಎಲ್‌ಆರ್‌ಯು ಕ್ಯಾಶ್‌ಗೆ (ಬಹಳ ಹೊತ್ತಿನಿಂದ ಬಳಸದ ಉತ್ತರವನ್ನು ಮೊದಲು ಬಿಡುವ ಕ್ಯಾಶ್) ಎಲ್ಲರೂ ಕೈಹಾಕುತ್ತಾರೆ. ಯುಟಿಲಿಟಿ ಲೈಬ್ರರಿಯಲ್ಲಿ ಅದು ತರುವ ದೋಷಗಳು ಅತಿ ಕೆಟ್ಟವು, ಏಕೆಂದರೆ ಅವು ಒಬ್ಬ ಬಳಕೆದಾರರ ಡೇಟಾವನ್ನು ಇನ್ನೊಬ್ಬರಿಗೆ ತೋರಿಸಬಲ್ಲವು.

ಫಂಕ್ಷನಿನ ಉತ್ತರ ಆರ್ಗ್ಯುಮೆಂಟ್‌ಗಳನ್ನಷ್ಟೇ ಅವಲಂಬಿಸಿದೆಯೇ? ದಿನಾಂಕ ಬರೆಯುವ ಫಂಕ್ಷನ್ ಒಳಗಿಂದ 'ಈಗಿನ ಭಾಷೆ'ಯನ್ನೋ 'ಈಗಿನ ಕಾಲವಲಯ'ವನ್ನೋ ಓದುತ್ತಿದ್ದರೆ ಅದು ಕ್ಯಾಶಿನ ಕೀಯಲ್ಲಿ ಇರುವುದಿಲ್ಲ. ಮೊದಲ ರಿಕ್ವೆಸ್ಟ್ ಬಂದ ಭಾಷೆಯ ಉತ್ತರವೇ ಮುಂದೆ ಎಲ್ಲರಿಗೂ ಹೋಗುತ್ತದೆ. ಅಂಥ ಸ್ಥಿತಿಯನ್ನು ಆರ್ಗ್ಯುಮೆಂಟ್ ಆಗಿ ಹೊರಗೆ ತನ್ನಿ, ಒಳಗಿನ ಶುದ್ಧ ಫಂಕ್ಷನ್‌ಗೆ ಮಾತ್ರ ಕ್ಯಾಶ್ ಹಾಕಿ. ಆ ಸ್ಥಿತಿಯನ್ನು ಥ್ರೆಡ್ ಲೋಕಲ್‌ನಲ್ಲಿ ಇಟ್ಟಿದ್ದರೆ ಅದನ್ನೂ ಬದಲಿಸಿ. ಅಸಿಂಕ್ ಕೋಡಿನಲ್ಲಿ ಒಂದೇ ಥ್ರೆಡ್‌ನ ಮೇಲೆ ಹಲವು ರಿಕ್ವೆಸ್ಟ್‌ಗಳು ಹೆಣೆದುಕೊಂಡು ಓಡುತ್ತವೆ. ಪೈಥಾನ್ 3.7ರಿಂದ ಇರುವ ಕಾಂಟೆಕ್ಸ್ಟ್‌ವಾರ್ ಇದಕ್ಕಾಗಿಯೇ ಇದೆ.

ಕ್ಯಾಶ್ ಆದ ಫಂಕ್ಷನ್ ಲಿಸ್ಟ್ ಅಥವಾ ಡಿಕ್ಷನರಿ ಹಿಂತಿರುಗಿಸುತ್ತಿದ್ದರೆ, ಕರೆದವರು ಅದಕ್ಕೆ ಏನಾದರೂ ಸೇರಿಸಿದ ಕೂಡಲೇ ಕ್ಯಾಶಿನೊಳಗಿನದೂ ಬದಲಾಗುತ್ತದೆ, ಮುಂದಿನವರಿಗೆ ಕೆಟ್ಟ ಡೇಟಾ ಸಿಗುತ್ತದೆ. ಟ್ಯೂಪಲ್ ಕೊಡಿ, ಇಲ್ಲವೇ ಪ್ರತಿ ಸಲ ನಕಲು ಕೊಡಿ. ಮೆಥಡ್ ಮೇಲೆ ಎಲ್‌ಆರ್‌ಯು ಕ್ಯಾಶ್ ಹಾಕಿದರೆ ಆಬ್ಜೆಕ್ಟ್ ಕೂಡ ಕೀಯ ಭಾಗವಾಗಿ, ಅದು ಕ್ಯಾಶಿನಲ್ಲಿ ಇರುವವರೆಗೂ ಮೆಮೊರಿಯಿಂದ ಹೋಗುವುದಿಲ್ಲ. ಇನ್ನೊಂದು ಸೂಕ್ಷ್ಮ: ಎರಡು ಮೂರು ಆರ್ಗ್ಯುಮೆಂಟ್‌ಗಳಿರುವ ಫಂಕ್ಷನ್‌ನಲ್ಲಿ 1, 1.0, ಟ್ರೂ ಈ ಮೂರೂ ಒಂದೇ ಕೀ ಆಗುತ್ತವೆ. ಉತ್ತರ ಟೈಪಿನ ಮೇಲೆ ನಿಂತಿದ್ದರೆ 'ಟೈಪ್ಡ್' ಆಯ್ಕೆಯನ್ನು ಆನ್ ಮಾಡಿ.

ಮಿತಿಯಿಲ್ಲದ ಕ್ಯಾಶ್‌ನ ಕೀ ಬಳಕೆದಾರರಿಂದ ಬಂದ ಪಠ್ಯವಾಗಿದ್ದರೆ, ಯಾರು ಬೇಕಾದರೂ ಹೊಸ ಹೊಸ ಪಠ್ಯ ಕಳಿಸಿ ನಿಮ್ಮ ಮೆಮೊರಿ ತುಂಬಿಸಬಹುದು. ಮಿತಿ ಇಡುವಾಗ ವರ್ಕರ್‌ಗಳನ್ನೂ ಲೆಕ್ಕಕ್ಕೆ ತನ್ನಿ. 10,000 ನಮೂದು, ಒಂದೊಂದೂ 500 ಬೈಟ್ ಎಂದರೆ 5 ಎಂಬಿ. ಪ್ರತಿ ಪ್ರೋಸೆಸ್‌ಗೂ ಅದರದೇ ಕ್ಯಾಶ್ ಇರುವುದರಿಂದ 8 ವರ್ಕರ್‌ಗಳಿದ್ದರೆ 40 ಎಂಬಿ. ಕ್ಯಾಶ್ ಇನ್ಫೋ ಕರೆದು ಎಷ್ಟು ಸಲ ಸಿಕ್ಕಿತು, ಎಷ್ಟು ಸಲ ಸಿಗಲಿಲ್ಲ ಎಂದು ನಿಜವಾದ ಸರ್ವರ್‌ನಲ್ಲಿ ನೋಡಿ. ಬಹುತೇಕ ಸಿಗದೇ ಇದ್ದರೆ ಆ ಡೆಕೊರೇಟರ್ ಬರೀ ಹೊರೆ.

ಉದ್ದದ ಇನ್‌ಪುಟ್ ಎಂಬ ಅಪಾಯ

ವೇಗದ ಬಗ್ಗೆ ಮಾತಾಡುವಾಗ ಸರಾಸರಿಯನ್ನಷ್ಟೇ ನೋಡುವುದು ತಪ್ಪು. ಕೆಟ್ಟ ಇನ್‌ಪುಟ್ ಕೊಟ್ಟರೆ ಏನಾಗುತ್ತದೆ ಎಂಬುದು ಭದ್ರತೆಯ ಪ್ರಶ್ನೆ. 2019ರ ಆಗಸ್ಟಿನಲ್ಲಿ ಜ್ಯಾಂಗೊದ ಟ್ರಂಕೇಟರ್‌ಗೆ, 2023ರ ಜನವರಿಯಲ್ಲಿ ಆಕ್ಟಿವ್ ಸಪೋರ್ಟ್‌ನ ಅಂಡರ್‌ಸ್ಕೋರ್ ಮೆಥಡ್‌ಗೆ ಭದ್ರತಾ ತಿದ್ದುಪಡಿ ಬಂದದ್ದು ಇದೇ ಕಾರಣಕ್ಕೆ: ಜಾಣತನದಿಂದ ಹೆಣೆದ ಸ್ಟ್ರಿಂಗ್ ಕೊಟ್ಟರೆ ರೆಜೆಕ್ಸ್ ಹಿಂದೆ ಮುಂದೆ ಅಲೆಯುತ್ತಾ ಸಿಪಿಯು ಕಬಳಿಸುತ್ತಿತ್ತು. ಎರಡೂ ಸಾಮಾನ್ಯ ಯುಟಿಲಿಟಿಗಳೇ.

ಪರೀಕ್ಷೆ ಸರಳ. ಒಂದು ಸಾವಿರ, ಎರಡು ಸಾವಿರ, ನಾಲ್ಕು ಸಾವಿರ ಅಕ್ಷರಗಳ ಇನ್‌ಪುಟ್ ಕೊಟ್ಟು ಸಮಯ ನೋಡಿ. ಉದ್ದ ಎರಡು ಪಟ್ಟಾದಾಗ ಸಮಯವೂ ಎರಡು ಪಟ್ಟಾದರೆ ಸರಿ. ನಾಲ್ಕು ಪಟ್ಟಾದರೆ ಸಮಯ ಉದ್ದದ ವರ್ಗಕ್ಕೆ (ಸ್ಕ್ವೇರ್) ತಕ್ಕಂತೆ ಬೆಳೆಯುತ್ತಿದೆ, ತಿದ್ದಲೇಬೇಕು. ಕೊನೆಯ ಅಕ್ಷರದಲ್ಲಿ ಮಾತ್ರ ಹೊಂದಿಕೆ ತಪ್ಪುವಂಥ ಇನ್‌ಪುಟ್ ಕೊಡುವುದನ್ನು ಮರೆಯಬೇಡಿ, ಎಲ್ಲವೂ ಹೊಂದುವ ಇನ್‌ಪುಟ್‌ನಲ್ಲಿ ಈ ಕಾಯಿಲೆ ಕಾಣಿಸಿಕೊಳ್ಳದಿರಬಹುದು. ಪೈಥಾನಿನ ಸ್ಟ್ಯಾಂಡರ್ಡ್ ರೆಜೆಕ್ಸ್‌ಗೆ ಸಮಯದ ಮಿತಿ ಹಾಕಲು ಬರುವುದಿಲ್ಲ. 3.11ರಿಂದ ಹಿಂದಕ್ಕೆ ಅಲೆಯದಂತೆ ತಡೆಯುವ ಅಟಾಮಿಕ್ ಗುಂಪುಗಳಿವೆ. ಅದಕ್ಕಿಂತ ಗಟ್ಟಿಯಾದ ಕಾವಲು ಎಂದರೆ ಕೆಲಸಕ್ಕೆ ಮೊದಲೇ ಉದ್ದ ನೋಡುವುದು. ಜ್ಯಾಂಗೊದಲ್ಲಿ 36ರ ಆಧಾರದ ಸಂಖ್ಯೆ ಓದುವ ಫಂಕ್ಷನ್ 13 ಅಂಕಿಗಳಿಗಿಂತ ಉದ್ದವಾದುದನ್ನು ಲೆಕ್ಕಕ್ಕೇ ತೆಗೆದುಕೊಳ್ಳದೆ ತಿರಸ್ಕರಿಸುತ್ತದೆ.

ಎರಡು ಡಿಕ್ಷನರಿಗಳನ್ನು ಒಳಗಿನವರೆಗೆ ಬೆರೆಸುವ ಫಂಕ್ಷನ್ ಇದ್ದರೆ ಅದನ್ನೂ ಅನುಮಾನದಿಂದ ನೋಡಿ. ಆಳಕ್ಕೆ ಮಿತಿ ಇಲ್ಲದಿದ್ದರೆ ಸ್ಟ್ಯಾಕ್ ಮುಗಿಯುತ್ತದೆ. ಜಾವಾಸ್ಕ್ರಿಪ್ಟ್‌ನಲ್ಲಂತೂ ಎಲ್ಲ ಆಬ್ಜೆಕ್ಟ್‌ಗಳೂ ಹಂಚಿಕೊಳ್ಳುವ ಪ್ರೋಟೋಟೈಪನ್ನೇ ಕಲುಷಿತಗೊಳಿಸುವ ದಾರಿ ತೆರೆಯುತ್ತದೆ. ಅಲ್ಲಿನ ಯುಟಿಲಿಟಿ ಲೈಬ್ರರಿ ಲೋಡ್ಯಾಶ್ 4.17.12ರಲ್ಲಿ ಸರಿಪಡಿಸಿದ ಪ್ರಸಿದ್ಧ ದೋಷ ಅದೇ.

ಹೆಸರು ಬದಲಿಸುವುದು, ಹಳೆಯದನ್ನು ಕಳಿಸಿಕೊಡುವುದು

ಒಂದೇ ದೊಡ್ಡ ಕಡತವನ್ನು ವಿಷಯವಾರು ಮಾಡ್ಯೂಲ್‌ಗಳಾಗಿ ಒಡೆಯಿರಿ. ಯುಟಿಲ್ಸ್ ಫ್ರೇಮ್‌ವರ್ಕಿನ ಬೇರೆ ಯಾವ ಭಾಗವನ್ನೂ ಇಂಪೋರ್ಟ್ ಮಾಡಬಾರದು ಎಂಬ ನಿಯಮವನ್ನು ಇಂಪೋರ್ಟ್-ಲಿಂಟರ್‌ನಂಥ ಸಾಧನದಿಂದ ಸಿಐಯಲ್ಲೇ ಕಾಯಿರಿ, ವೃತ್ತಾಕಾರದ ಇಂಪೋರ್ಟ್‌ಗಳ ಕಾಟ ಅಲ್ಲಿಗೆ ತಪ್ಪುತ್ತದೆ. ಯಾವ ಇಂಪೋರ್ಟ್ ಎಷ್ಟು ಹೊತ್ತು ತಿನ್ನುತ್ತದೆ ಎಂಬುದನ್ನು ಪೈಥಾನಿನ 'ಇಂಪೋರ್ಟ್‌ಟೈಮ್' ಆಯ್ಕೆ ಸಾಲು ಸಾಲಾಗಿ ತೋರಿಸುತ್ತದೆ.

ಹಳೆಯ ಜಾಗದ ಹೆಸರುಗಳನ್ನು ಕೂಡಲೇ ಅಳಿಸಬೇಡಿ. ಪೈಥಾನ್ 3.7ರಿಂದ ಮಾಡ್ಯೂಲ್ ಮಟ್ಟದಲ್ಲೇ ಗೆಟ್‌ಆಟ್ರ್ ಬರೆಯಬಹುದು: ಹಳೆಯ ಹೆಸರು ಕೇಳಿದಾಗ ಎಚ್ಚರಿಕೆ ಕೊಟ್ಟು ಹೊಸ ಜಾಗದಿಂದ ತಂದುಕೊಡುತ್ತದೆ. ಆ ಹೆಸರನ್ನೇ ನೇರವಾಗಿ ಇಂಪೋರ್ಟ್ ಮಾಡಿಕೊಂಡವರಿಗೆ ಇಲ್ಲಿ ಎಚ್ಚರಿಕೆಯ ಖರ್ಚು ಇಂಪೋರ್ಟ್ ಹೊತ್ತಿನಲ್ಲಿ ಮಾತ್ರ. ಫಂಕ್ಷನಿನೊಳಗೆ ಎಚ್ಚರಿಕೆ ಇಟ್ಟರೆ, ಅದು ಒಂದೇ ಸಲ ಪ್ರಿಂಟ್ ಆದರೂ ಪ್ರತಿ ಕರೆಯಲ್ಲಿ ಸಮಯ ತಿನ್ನುತ್ತದೆ. ಕ್ಲಾಸ್‌ಗಳನ್ನು ಸಾಗಿಸುವಾಗ ಪಿಕಲ್ ಆದ (ಪೈಥಾನ್ ಆಬ್ಜೆಕ್ಟನ್ನು ಬೈಟ್‌ಗಳಾಗಿ ಬರೆದಿಟ್ಟ) ಡೇಟಾ ನೆನಪಿರಲಿ. ಸೆಶನ್‌ನಲ್ಲಿ ಅಥವಾ ಕ್ಯಾಶ್ ಸರ್ವರ್‌ನಲ್ಲಿ ಕೂತ ಹಳೆಯ ಪಿಕಲ್ ಹಳೆಯ ಮಾಡ್ಯೂಲಿನ ಹೆಸರನ್ನೇ ಹಿಡಿದಿರುತ್ತದೆ. ಅದು ತೆರೆಯುವಂತೆ ನೋಡಿಕೊಳ್ಳುವುದು ಸುಲಭ. ಆದರೆ ಸರ್ವರ್‌ಗಳನ್ನು ಒಂದೊಂದಾಗಿ ಹೊಸ ಆವೃತ್ತಿಗೆ ತರುವಾಗ, ಹೊಸ ಸರ್ವರ್ ಬರೆದದ್ದನ್ನು ಹಳೆಯ ಸರ್ವರ್ ಓದಲಾರದೆ ಬೀಳುತ್ತದೆ. ಅದಕ್ಕಾಗಿ ಒಂದು ರಿಲೀಸ್ ಮೊದಲೇ ಹೊಸ ಜಾಗದಲ್ಲಿ ಹಳೆಯ ಕ್ಲಾಸಿಗೆ ಕೊಂಡಿಯನ್ನಷ್ಟೇ ಸೇರಿಸಿ, ಕ್ಲಾಸನ್ನು ಮುಂದಿನ ರಿಲೀಸ್‌ನಲ್ಲಿ ಸಾಗಿಸಿ.

ಎಚ್ಚರಿಕೆ ಕೊಡುವಾಗ ಸ್ಟ್ಯಾಕ್‌ಲೆವೆಲ್ ಸರಿಯಾಗಿರಬೇಕು. ಅದನ್ನು ಕೊಡದಿದ್ದರೆ ಸಂದೇಶದಲ್ಲಿ ನಿಮ್ಮ ಲೈಬ್ರರಿಯ ಸಾಲು ಕಾಣುತ್ತದೆ, ಬಳಸಿದವರ ಸಾಲು ಕಾಣುವುದಿಲ್ಲ. ಸಾಮಾನ್ಯವಾಗಿ 2, ನಡುವೆ ಡೆಕೊರೇಟರ್ ಇದ್ದರೆ 3. ಡೆಪ್ರಿಕೇಶನ್ ಎಚ್ಚರಿಕೆಗಳನ್ನು ಪೈಥಾನ್ ಮುಖ್ಯ ಸ್ಕ್ರಿಪ್ಟ್‌ನ ಹೊರಗೆ ಪೂರ್ವನಿಯೋಜಿತವಾಗಿ ಮುಚ್ಚಿಡುವುದರಿಂದ, ಟೆಸ್ಟ್ ಓಡಿಸುವಾಗ ಅವನ್ನು ಎರರ್ ಆಗಿ ಪರಿವರ್ತಿಸುವಂತೆ ಅಪ್ಲಿಕೇಶನ್ ತಂಡಗಳಿಗೆ ಹೇಳಿ. ಜ್ಯಾಂಗೊದ ಒಂದು ಪದ್ಧತಿ ನಕಲು ಮಾಡಲು ಯೋಗ್ಯ: ಯಾವ ಆವೃತ್ತಿಯಲ್ಲಿ ತೆಗೆಯಲಾಗುವುದು ಎಂಬುದನ್ನು ಹೆಸರಿನಲ್ಲೇ ಹೊತ್ತ ಎಚ್ಚರಿಕೆಯ ಕ್ಲಾಸ್. ಆ ಆವೃತ್ತಿ ಬಂದಾಗ ಕ್ಲಾಸನ್ನು ಅಳಿಸಿದರೆ ತೆಗೆಯಬೇಕಾದ ಹಳೆಯ ಕೋಡೆಲ್ಲ ಇಂಪೋರ್ಟ್ ಎರರ್ ಆಗಿ ಎದುರು ಬರುತ್ತದೆ. ಕನಿಷ್ಠ ಎರಡು ರಿಲೀಸ್‌ಗಳ ಗಡುವು ಕೊಡಿ. ಹೆಸರು ಬದಲಾವಣೆ ಹೆಚ್ಚಿದ್ದರೆ ಪೈಥಾನ್ ಕೋಡನ್ನು ಓದಿ ಬದಲಿಸುವ ಲೈಬ್ರರಿ ಲಿಬ್‌ಸಿಎಸ್‌ಟಿ ಬಳಸಿ ತಾನೇ ತಿದ್ದುವ ಸ್ಕ್ರಿಪ್ಟ್ ಕೂಡ ಕೊಡಿ.

ಹೆಸರು ಸುಳ್ಳು ಭರವಸೆ ಕೊಡುತ್ತಿದ್ದರೆ ಕೆಲಸ ಎಷ್ಟೇ ಇದ್ದರೂ ಬದಲಿಸಿ. ಜ್ಯಾಂಗೊದಲ್ಲಿ 'ಸುರಕ್ಷಿತ ಯುಆರ್‌ಎಲ್ ಹೌದೇ' ಎಂಬರ್ಥದ ಹೆಸರಿನ ಫಂಕ್ಷನ್ ಇತ್ತು. ಅದು ನೋಡುತ್ತಿದ್ದದ್ದು ಹೋಸ್ಟ್ ಮತ್ತು ಸ್ಕೀಮ್ ಅನುಮತಿಸಿದ್ದೇ ಎಂಬುದನ್ನು ಮಾತ್ರ. ಎಲ್ಲ ಅರ್ಥದಲ್ಲೂ ಸುರಕ್ಷಿತ ಎಂದು ಜನ ನಂಬುವ ಅಪಾಯವಿತ್ತು. 3.0ರಲ್ಲಿ ಅದು ಮಾಡುವ ಕೆಲಸವನ್ನೇ ಹೇಳುವ ಉದ್ದದ ಹೆಸರಿಟ್ಟರು.

ಹೊಸ ಫಂಕ್ಷನ್‌ಗಳು ಒಳಬರುವ ಬಾಗಿಲನ್ನೂ ಕಿರಿದು ಮಾಡಿ. ಸಂಬಂಧವಿಲ್ಲದ ಕನಿಷ್ಠ ಮೂರು ಕಡೆ ಬೇಕಾಗಿರಬೇಕು, ಸ್ಟ್ಯಾಂಡರ್ಡ್ ಲೈಬ್ರರಿಯ ಎರಡು ಸಾಲಿನಲ್ಲಿ ಆಗದಂತಿರಬೇಕು. ಒಳಗಿನ ಬಳಕೆಗೆ ಮಾತ್ರವಾದರೆ ಹೆಸರಿನ ಮುಂದೆ ಅಂಡರ್‌ಸ್ಕೋರ್ ಇರಲಿ, ಆಗ ನಾಳೆ ಬದಲಿಸುವ ಸ್ವಾತಂತ್ರ್ಯ ನಿಮ್ಮದೇ. ಹೊರಗಿನ ಸಣ್ಣ ಪ್ಯಾಕೇಜ್ ತರುವ ಆಸೆಯಾದಾಗ 2016ರ ಮಾರ್ಚ್ ನೆನಪಿಸಿಕೊಳ್ಳಿ: ಹನ್ನೊಂದು ಸಾಲಿನ 'ಲೆಫ್ಟ್-ಪ್ಯಾಡ್' ಜಾವಾಸ್ಕ್ರಿಪ್ಟ್ ಪ್ಯಾಕೇಜ್‌ಗಳ ಭಂಡಾರವಾದ ಎನ್‌ಪಿಎಂನಿಂದ ಮಾಯವಾದಾಗ ಎಷ್ಟೋ ದೊಡ್ಡ ಪ್ರಾಜೆಕ್ಟ್‌ಗಳ ಬಿಲ್ಡ್ ನಿಂತುಹೋಗಿತ್ತು.

ಇನ್ನು ನಿಮ್ಮ ಆ ಮೂರು ಅಪ್ಲಿಕೇಶನ್‌ಗಳು. ಅವುಗಳ ಟೆಸ್ಟ್‌ಗಳನ್ನು ಈ ವಾರವೇ ಲೈಬ್ರರಿಯ ಸಿಐಗೆ ಸೇರಿಸಿ. ಪ್ರತಿ ರಾತ್ರಿ ಲೈಬ್ರರಿಯ ಮುಖ್ಯ ಬ್ರ್ಯಾಂಚ್ ಮೇಲೆ ಅವು ಓಡಲಿ. ಮುರಿದ ಫಂಕ್ಷನಿನ ಹಳೆಯ ರೂಪವನ್ನು ಮರಳಿ ತಂದು, ಹೊಸ ರೂಪವನ್ನು ಬೇರೆ ಹೆಸರಿನಲ್ಲಿ ಇಡಿ. ಎರಡನ್ನೂ ಹೋಲಿಸುವ ಟೆಸ್ಟ್ ಬರೆಯಿರಿ. ಎಲ್ಲಿ ಬೇರೆ ಉತ್ತರ ಬರುತ್ತದೋ ಆ ಇನ್‌ಪುಟ್‌ಗಳ ಪಟ್ಟಿಯನ್ನು ಮೂರೂ ತಂಡಗಳ ಮುಂದೆ ಇಟ್ಟು, ಯಾವ ವರ್ತನೆ ಉಳಿಯಬೇಕೆಂದು ಅವರ ಜೊತೆ ಕೂತು ತೀರ್ಮಾನಿಸಿ. ಹೊಸ ಹೆಸರನ್ನು ಹಳೆಯದರ ಜಾಗಕ್ಕೆ ತರುವುದು ಅದಾದ ಮೇಲೆ.